ಅಮಾವಾಸ್ಯೆಗೊಮ್ಮೆ ಹೊರಗೆ ಹೋಗುವ ಮನುಷ್ಯ

ಮನುಷ್ಯನಿಗೆ ಒಂದು ಹವ್ಯಾಸ ಇರಬೇಕು ಎಂದು ಉಪದೇಶಿಸುವವರೆಲ್ಲ ಅದು ಯಾವ ತಿಥಿಯಲ್ಲಿ ಇರಬೇಕು ಎಂಬುದನ್ನು ಮಾತ್ರ ಹೇಳುವುದಿಲ್ಲ. ಬೆಳಿಗ್ಗೆ ಎದ್ದು ವಾಕಿಂಗ್ ಹೋಗುವವನನ್ನು ಊರು ಮೆಚ್ಚುತ್ತದೆ. ಸಂಜೆ ಇಸ್ಪೀಟು ಆಡುವವನನ್ನು ಬೈಯುತ್ತಲೇ ಒಪ್ಪಿಕೊಳ್ಳುತ್ತದೆ. ಅವನು ಎಲ್ಲಿದ್ದಾನೆ, ಏನು ಮಾಡುತ್ತಿದ್ದಾನೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಆದರೆ ತಿಂಗಳಿಗೊಮ್ಮೆ, ಅದೂ ಅಮಾವಾಸ್ಯೆ ನೋಡಿಕೊಂಡು, ಹೊತ್ತು ಮುಳುಗುವ ಸಮಯಕ್ಕೆ ಕಪ್ಪು ಚೀಲ ಹೆಗಲಿಗೇರಿಸಿ ಊರ ಹೊರಗಿನ ಗುಡ್ಡದ ಕಡೆ ಹೊರಡುವವನ ಬಗ್ಗೆ ಊರು ಏನೆಂದು ತಿಳಿಯಬೇಕು? ನಾನು ಅಂಥವನು. ನಕ್ಷತ್ರಗಳ ಫೋಟೋ ತೆಗೆಯುವುದು ನನ್ನ ಚಟ. ಚಂದ್ರನಿದ್ದರೆ ನಕ್ಷತ್ರಗಳು ಮಾಸುತ್ತವೆ, ಆದ್ದರಿಂದ ಚಂದ್ರನಿಲ್ಲದ ರಾತ್ರಿಯೇ ಆಗಬೇಕು. ಆ ರಾತ್ರಿಗೆ ನಮ್ಮ ಹಿರಿಯರು ಅಮಾವಾಸ್ಯೆ ಎಂದು ಹೆಸರಿಟ್ಟು, ದೆವ್ವ, ಮಾಟ, ನಿಂಬೆಹಣ್ಣು ಎಲ್ಲವನ್ನೂ ನಾನು ಹುಟ್ಟುವ ಮೊದಲೇ ಅಲ್ಲಿ ತಂದು ಕೂಡಿಸಿದ್ದಾರೆ. ಇದರಲ್ಲಿ ನನ್ನ ತಪ್ಪೇನೂ ಇಲ್ಲ ಎಂದು ನಾನು ಬಹಳ ಸಲ ವಾದಿಸಿದ್ದೇನೆ, ಹೆಚ್ಚಾಗಿ ಕಾರಿನಲ್ಲಿ ಒಬ್ಬನೇ ಇದ್ದಾಗ.

ಹಾಗೆ ನೋಡಿದರೆ ನಾನು ಅತ್ಯಂತ ನಿರುಪದ್ರವಿ. ಬಾಗಲಕೋಟೆಯ ನವನಗರದಲ್ಲಿ ಹಲ್ಲಿನ ಡಾಕ್ಟರು. ಹಗಲೆಲ್ಲ ಜನರ ಬಾಯಿಯೊಳಗಿನ ಕತ್ತಲೆಗೆ ಲೈಟು ಬಿಟ್ಟು ನೋಡುತ್ತೇನೆ. "ಬಾಯಿ ತಗೀರಿ, ಅಳ್ಳಾಡಬ್ಯಾಡ್ರಿ" ಎಂಬುದು ನಾನು ಜೀವಮಾನದಲ್ಲಿ ಅತಿ ಹೆಚ್ಚು ಆಡಿದ ಮಾತು. ನನ್ನ ದವಾಖಾನೆಗೆ ಬಂದ ಎಂಥ ಗೌಡ, ಎಂಥ ಸಾಹುಕಾರನೂ ಆ ಮಾತಿಗೆ ತುಟಿಪಿಟಕ್ಕೆನ್ನದೆ ಶರಣಾಗುತ್ತಾನೆ. ಮನೆಯಲ್ಲಿ ಈ ಮಾತು ನಡೆಯುವುದಿಲ್ಲ, ಅದು ಬೇರೆ ವಿಷಯ. ಕ್ಯಾಮೆರಾ ಕೊಂಡ ಹೊಸದರಲ್ಲಿ ನಾನೂ ಎಲ್ಲರಂತೆ ಬಾದಾಮಿಯ ಕೆಂಪು ಗುಡ್ಡ, ಕೆರೆಯಲ್ಲಿ ಆ ಗುಡ್ಡದ ನೆರಳು, ಮೆಟ್ಟಿಲ ಮೇಲೆ ಬಟ್ಟೆ ಒಗೆಯುವವರು, ಅವರ ಹಿಂದೆ ಒಂದು ಮಂಗ, ಹೀಗೆ ತೆಗೆಯುತ್ತಿದ್ದೆ. ನೋಡಿದವರು "ಛಲೋ ಅದಾವ" ಎನ್ನುತ್ತಿದ್ದರು. ಅಲ್ಲಿಗೇ ನಿಲ್ಲಿಸಿದ್ದರೆ ಇಂದು ಈ ಕಥೆಯೇ ಇರುತ್ತಿರಲಿಲ್ಲ. ಒಮ್ಮೆ ಹುನಗುಂದದಿಂದ ಬರುವಾಗ ದಾರಿಯಲ್ಲಿ ಕಾರು ಪಂಕ್ಚರ್ ಆಯಿತು. ಸ್ಟೆಪ್ನಿ ಹಾಕಲು ಬಾರದೆ, ಬರುವವರಿಗಾಗಿ ಕಾಯುತ್ತ, ಬೇರೆ ಕೆಲಸವಿಲ್ಲದೆ ತಲೆಯೆತ್ತಿದೆ. ಆವತ್ತು ಕಂಡ ಆಕಾಶವನ್ನು ಅಲ್ಲಿಯೇ ಬಿಟ್ಟು ಬರಲು ನನಗೆ ಮನಸ್ಸಾಗಲಿಲ್ಲ. ಐವತ್ತು ದಾಟಿದ ಮನುಷ್ಯ ಹೊಸದಾಗಿ ಮರುಳಾದರೆ ಇಳಿಯುವುದು ಕಷ್ಟ.

ಈ ಫೋಟೋಗಳಿಗೆ ಸಮಾಜದಲ್ಲಿ ಸಿಕ್ಕ ಮರ್ಯಾದೆಯನ್ನೂ ಹೇಳಿಬಿಡುತ್ತೇನೆ. ಬಾದಾಮಿಯ ಗುಡ್ಡದ ಮೇಲೆ ಆಕಾಶಗಂಗೆ ಎದ್ದುನಿಂತ ಒಂದು ಫೋಟೋವನ್ನು ದೊಡ್ಡದು ಮಾಡಿಸಿ ದವಾಖಾನೆಯ ಗೋಡೆಗೆ ಹಾಕಿದೆ. ಹಲ್ಲುನೋವಿನ ಮುದುಕನೊಬ್ಬ ಕೆನ್ನೆ ಹಿಡಿದುಕೊಂಡೇ ಅದನ್ನು ಬಹಳ ಹೊತ್ತು ನೋಡಿ, "ಡಾಕ್ಟ್ರ, ಇದು ಹುಳುಕ ಹಲ್ಲಿನ ಎಕ್ಸರೇ ಏನ್ರಿ? ಭಾಳ ಕೆಟ್ಟೇತಿ ಬಿಡ್ರಿ" ಎಂದ. ಮತ್ತೊಮ್ಮೆ ಬಾದಾಮಿ ತಾಲೂಕೆಲ್ಲ ಸುತ್ತಿ, ನಸುಕಿನಲ್ಲಿ ಕುಳಗೇರಿ ಕ್ರಾಸಿನ ಹೋಟೆಲಿನಲ್ಲಿ ಚಹಾ ಕುಡಿಯಲು ನಿಂತಾಗ, ಅಂಗಡಿಯವನು ನನ್ನ ಕೆಂಪಗಾದ ಕಣ್ಣು ನೋಡಿ, "ಎಲ್ಲಿಂದ ಬಂದ್ರಿ?" ಎಂದು ಕೇಳಿದ. ಖುಷಿಯಿಂದ ಕ್ಯಾಮೆರಾದ ಪರದೆಯನ್ನೇ ಅವನ ಮುಂದೆ ಹಿಡಿದೆ. ಅವನು ಕೈ ಒರೆಸಿಕೊಂಡು, ಬಗ್ಗಿ, ಮರ್ಯಾದೆಯಿಂದ ನೋಡಿದ. ನೋಡಿ, "ಇದಕ್ಕ ಅಷ್ಟ ದೂರ ಹೋಗಿದ್ರೇನ್ರಿ? ನಮ್ಮ ಮಾಳಿಗಿ ಮ್ಯಾಲಿಂದನೂ ಇವ ಕಾಣ್ತಾವಲ್ರಿ" ಎಂದ. ಅದು ನಿಜವೇ ಆಗಿದ್ದರಿಂದ ಚಹಾ ಕುಡಿದು ಎದ್ದೆ.

ಇನ್ನೊಂದು ಸಂಕಟವಿದೆ. ಯಾವ ಊರಿಗಾದರೂ ಹೊಸ ದೀಪ ಬಂದರೆ ಇಡೀ ಜಿಲ್ಲೆಯಲ್ಲಿ ದುಃಖಪಡುವ ಏಕೈಕ ಪ್ರಾಣಿ ನಾನು. ಊರ ಅಗಸಿಬಾಗಿಲ ಮುಂದೆ ಎತ್ತರದ ಕಂಬ ನಿಲ್ಲಿಸಿ ಅದರ ತಲೆಗೆ ಐದಾರು ಬಿಳಿ ಲೈಟು ಹಾಕಿದರೆ ಜನ ಪೇಢೆ ಹಂಚುತ್ತಾರೆ, ನನಗೆ ಸೂತಕ. ನಾನು ಬಹಳ ದಿನ ಜೋಪಾನ ಮಾಡಿಕೊಂಡು ಬಂದಿದ್ದ ಒಂದು ಕತ್ತಲಿತ್ತು, ಒಂದು ಸಣ್ಣ ಬೀರಪ್ಪನ ಗುಡಿಯ ಹಿಂದೆ. ಹೋದ ವರ್ಷ ಭಕ್ತರು ಗುಡಿಯ ಸುತ್ತ ಬಣ್ಣದ ಎಲ್‌ಇಡಿ ಸರ ಹಾಕಿಸಿದರು. ಪೂಜಾರಿ ನನ್ನನ್ನು ನೋಡಿದವನೇ, "ಬರ್ರಿ ಸಾಹೇಬ್ರ, ನೀವು ಕತ್ತಲಾಗ ತಡಕ್ಯಾಡತಿದ್ರಿ, ಈಗ ನೋಡ್ರಿ ಹ್ಯಾಂಗ ಆಗೇತಿ" ಎಂದು ಕೈ ಹಿಡಿದು ಕರೆದೊಯ್ದ. ಬೀರಪ್ಪನಿಗೆ ಕೈಮುಗಿದು, ಕಾಯಿ ಒಡೆಸಿ, ಪ್ರಸಾದ ತಿಂದು ವಾಪಸಾದೆ. ಬೆಳಕು ಬೇಡ ಎಂದು ಬಾಯಿಬಿಟ್ಟು ಹೇಳುವುದು ನಮ್ಮ ಸೀಮೆಯಲ್ಲಿ ಬಹಳ ಕಷ್ಟ.

ನನ್ನ ಹೆಂಡತಿ ಸುವರ್ಣಾ ಮೊದಲೆಲ್ಲ ತಕರಾರು ಮಾಡುತ್ತಿದ್ದಳು. "ಹುಣ್ಣಿಮಿಗೆ ಹೋಗ್ರಿ, ಬ್ಯಾಡ ಅನ್ನಾಂಗಿಲ್ಲ. ಅಮಾಸಿ ಮುಂದಿಟಗೊಂಡು ಯಾರರ ಮನಿ ಬಿಟ್ಟು ಹೊರಗ ಬೀಳ್ತಾರೇನು?" ಎನ್ನುವಳು. ಚಂದ್ರನಿದ್ದರೆ ಚುಕ್ಕಿಗಳು ಮಾಸುವ ಲೆಕ್ಕವನ್ನು ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಕೊನೆಗೆ ನನ್ನನ್ನು ತಿದ್ದುವುದನ್ನು ಬಿಟ್ಟು ಕಾರನ್ನು ಕಾಪಾಡುವ ದಾರಿ ಹಿಡಿದಳು. ಅಮಾವಾಸ್ಯೆಗೆ ಗಾಡಿಗಳ ಪೂಜೆ ಮಾಡುವುದು ನಮ್ಮ ಕಡೆ ಪದ್ಧತಿ. ಅವಳು ಕಾರಿಗೆ ವಿಭೂತಿ ಬಳಿದು, ಬಾನೆಟ್ಟಿಗೆ ಕುಂಕುಮ ಹಚ್ಚಿ, ಮುಂದೆ ನಿಂಬೆಹಣ್ಣು ಮೆಣಸಿನಕಾಯಿಯ ಸರ ಕಟ್ಟಿ, ನಾಲ್ಕೂ ಗಾಲಿಗಳ ಕೆಳಗೆ ಒಂದೊಂದು ನಿಂಬೆಹಣ್ಣು ಇಟ್ಟು, ಕಾಯಿ ಒಡೆದ ಮೇಲೆಯೇ ನಾನು ಹೊರಡಬೇಕು. ಹಾಗಾಗಿ ನಾನು ಓಣಿ ದಾಟುವ ದೃಶ್ಯ ಹೀಗಿರುತ್ತಿತ್ತು: ಗಾಲಿ ಕೆಳಗೆ ನಿಂಬೆಹಣ್ಣು ಪಟಪಟನೆ ಒಡೆಯುತ್ತವೆ, ಹಿಂದಿನ ಸೀಟಿನಲ್ಲಿ ಕಪ್ಪು ಚೀಲ, ಅದರ ಪಕ್ಕದಲ್ಲಿ ಮೂರು ಕಾಲಿನ ಸ್ಟ್ಯಾಂಡು, ನನ್ನ ಹಣೆಗೆ ಪಟ್ಟಿಯಿಂದ ಬಿಗಿದ ಕೆಂಪು ಲೈಟು. ಕೆಂಪು ಬೆಳಕಾದರೆ ಕತ್ತಲಿಗೆ ಹೊಂದಿದ ಕಣ್ಣು ಕೆಡುವುದಿಲ್ಲ ಎಂಬುದು ನನಗೆ ಗೊತ್ತು. ಓಣಿಗೆ ಗೊತ್ತಿರಲಿಲ್ಲ.

ಇಷ್ಟೆಲ್ಲ ವರ್ಷ ಇದು ನಡೆದುಕೊಂಡು ಬಂತು. ಕೇಳುವವರಿರಲಿಲ್ಲ, ಹೇಳುವವರೂ ಇರಲಿಲ್ಲ. ಕೇಳುವವರು ಬಂದದ್ದು ಮಗಳ ಮದುವೆಯ ಮಾತು ಎದ್ದಾಗ.

ನಮ್ಮ ಒಬ್ಬಳೇ ಮಗಳು ಸಹನಾ ಹುನಗುಂದದಲ್ಲಿ ಕೃಷಿ ಅಧಿಕಾರಿ. ಅಲ್ಲೇ ರಾಮಥಾಳದ ಕಡೆ ಹೊಲಗಳಿಗೆ ಹನಿ ನೀರಾವರಿಯ ಪೈಪು ಹಾಕಿಸುವ ಇಂಜಿನಿಯರ್ ವಿನಯ ಎಂಬ ಹುಡುಗನ ಪರಿಚಯವಾಗಿ, ಪೈಪಿನ ವಿಷಯದಲ್ಲಿ ಜಗಳವಾಗಿ, ಜಗಳ ಮುಗಿಯುವ ಹೊತ್ತಿಗೆ ಇಬ್ಬರಿಗೂ ಮದುವೆಯಾಗುವ ಮನಸ್ಸಾಗಿತ್ತು. ಹುಡುಗನ ತಂದೆ ಚನ್ನಬಸಪ್ಪನವರದು ಇಳಕಲ್ಲಿನಲ್ಲಿ ದೊಡ್ಡ ಸ್ಟೀಲ್ ಪಾತ್ರೆ ಅಂಗಡಿ. ನಮ್ಮದೇ ಬಳಗ, ಶರಣರ ಮನೆತನ, ಎರಡೂ ಕಡೆ ಒಪ್ಪಿಗೆಯೇ. ಬಂದರು, ನೋಡಿದರು, ಅವಲಕ್ಕಿ ತಿಂದರು, ನಕ್ಕರು, "ಹೇಳಿ ಕಳಸ್ತೇವಿ" ಎಂದು ಹೋದರು. ಇನ್ನುಳಿದದ್ದು ವಿಚಾರಣೆ. ನಮ್ಮಲ್ಲಿ ಹೆಣ್ಣು ನೋಡಿ ಹೋದ ಮೇಲೆ ಗಂಡಿನ ಕಡೆಯವರು ಸದ್ದಿಲ್ಲದೆ ಒಬ್ಬರನ್ನು ಕಳಿಸಿ, ಮನೆಯ ಅಕ್ಕಪಕ್ಕ, ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿಯಲ್ಲಿ ನಿಂತು ವಿಚಾರಿಸಿಕೊಂಡು ಹೋಗುತ್ತಾರೆ. ಎಲ್ಲರಿಗೂ ಗೊತ್ತಿರುವ ಗುಟ್ಟು ಇದು. ಹೆಣ್ಣಿನ ಮನೆಯವರು ಆ ವಾರ ಓಣಿಯವರನ್ನೆಲ್ಲ ಸ್ವಲ್ಪ ಹೆಚ್ಚು ನಗುನಗುತ್ತ ಮಾತನಾಡಿಸುವುದೂ ಪದ್ಧತಿಯೇ.

ನಮ್ಮ ಮನೆಯ ಎದುರಿನ ಕಿರಾಣಿ ಅಂಗಡಿಯ ಗುರುಪಾದಪ್ಪ ನನ್ನ ಮೇಲೆ ಬಹಳ ಅಭಿಮಾನವಿರುವ ಮನುಷ್ಯ. ಅವನ ಮೇಲಿನ ಸಾಲಿನ ಹಲ್ಲುಗಳೆಲ್ಲ ನನ್ನ ಕೈಕೆಲಸ. ಇಳಕಲ್ಲಿನಿಂದ ಬಂದವರು ವಿಚಾರಿಸಿದಾಗ ಅವನು ಮನಸಾರೆ ಹೊಗಳಿದ. ಹೊಗಳಿದ್ದನ್ನು ಅಷ್ಟೇ ಸಂತೋಷದಿಂದ ಸಂಜೆ ನನಗೆ ಒಪ್ಪಿಸಿದ.

"ಬಂಗಾರದಂಥ ಮನಿಷ್ಯಾ ಅಂತ ಹೇಳಿದ್ನಿರಿ ಡಾಕ್ಟ್ರ. ಕುಡ್ಯಾಂಗಿಲ್ಲ, ತಿನ್ನಾಂಗಿಲ್ಲ, ಒಬ್ಬರ ಗೊಡವಿಗೆ ಹೋಗಾಂಗಿಲ್ಲ. ಅಮಾಸಿಗೊಮ್ಮೆ ಅಷ್ಟ ಕರೇ ಚೀಲಾ ತಗೊಂಡು, ಹಣಿಗೆ ಕೆಂಪು ಲೈಟ ಕಟಗೊಂಡು ಬದಾಮಿ ಗುಡ್ಡಕ್ಕ ಹೋಗ್ತಾರ. ನಸುಕಿನ್ಯಾಗ ಬಂದಬಿಡ್ತಾರ. ಅದು ಬಿಟ್ರ ಏನೂ ಇಲ್ಲ ಅಂತ ಹೇಳೇನಿ."

"ಯಾಕ ಹೋಗ್ತಾರ ಅಂತ ಹೇಳಿದ್ಯೇನು?" ಎಂದೆ.

"ಅದನ್ನ ನಾ ಯಾಕ ಹೇಳ್ಲಿರಿ? ನಿಮ್ಮ ಮನಿ ವಿಷಯ" ಎಂದು ಗುರುಪಾದಪ್ಪ ಗಂಭೀರನಾದ.

ಬಾದಾಮಿಯ ಸುತ್ತ ಎಷ್ಟು ಹಳೆಯ ಗುಡಿಗಳಿವೆಯೋ ಅಷ್ಟೂ ಗುಡಿಗಳ ಕೆಳಗೆ ನಿಧಿಯಿದೆ ಎಂದು ನಂಬುವವರು ನಮ್ಮ ಕಡೆ ಇಂದಿಗೂ ಇದ್ದಾರೆ. ಅಮಾವಾಸ್ಯೆ ರಾತ್ರಿ ನಿಂಬೆಹಣ್ಣು, ಕುಂಕುಮ ಹಿಡಿದು ಅಗೆಯಲು ಹೋಗುವ ಮೂರ್ಖರೂ ಇದ್ದಾರೆ. ಇಳಕಲ್ಲಿಗೆ ಮುಟ್ಟಿದ ಸುದ್ದಿ ಯಾವ ರೂಪದಲ್ಲಿ ಮುಟ್ಟಿರಬಹುದು ಎಂದು ಊಹಿಸಲು ಪಂಡಿತನೇನೂ ಬೇಕಿರಲಿಲ್ಲ. ಒಂದು ವಾರ ಕಳೆಯಿತು, ಇಳಕಲ್ಲಿನಿಂದ ಫೋನಿಲ್ಲ. ಇನ್ನೊಂದು ವಾರವೂ ಹೋಯಿತು. ನಡುವೆ ಮಾತುಕತೆ ನಡೆಸಿದ್ದ ಹಿರಿಯರೊಬ್ಬರು ಕೊನೆಗೆ ಬಂದು, ಚಹಾ ಕುಡಿದು, ಲೋಟ ಕೆಳಗಿಟ್ಟು, ನೆಲ ನೋಡುತ್ತ ಹೇಳಿದರು: "ಹುಡಿಗಿ ಬಗ್ಗೆ ಎರಡು ಮಾತಿಲ್ರಿ. ಆದ್ರ ಡಾಕ್ಟ್ರು ಏನೋ ತಗ್ಯಾಕ ಹೋಗ್ತಾರಂತ..."

"ಫೋಟೋ" ಎಂದೆ ನಾನು.

"ಕತ್ತಲಾಗ?" ಎಂದರು ಅವರು. ಆ ಒಂದೇ ಪದದಲ್ಲಿ ಇಡೀ ಇಳಕಲ್ಲು ಮಾತನಾಡಿತು.

ನಾನು ತಮಾಷೆಯಾಗಿ ಹೇಳುತ್ತಿದ್ದೇನೆ, ಆದರೆ ಆ ದಿನಗಳು ತಮಾಷೆಯಾಗಿರಲಿಲ್ಲ. ಸಹನಾ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಹುನಗುಂದದಿಂದ ಶನಿವಾರ ಬಂದವಳು ಊಟಕ್ಕೆ ಕೂತು, ರೊಟ್ಟಿಯನ್ನು ಸಣ್ಣ ಸಣ್ಣ ಚೂರು ಮಾಡುತ್ತ, ತಿನ್ನದೆ, "ಪಪ್ಪಾ, ಇದೊಂದು ಕೂಡಿ ಬಂದ್ರ ಛಲೋ ಇತ್ತು" ಎಂದಳು ಅಷ್ಟೇ. ನನ್ನ ಮಗಳು ಯಾವತ್ತೂ ಏನನ್ನೂ ಕೇಳಿದವಳಲ್ಲ. ನಾನು ಒಳಗೆ ಹೋಗಿ ಕ್ಯಾಮೆರಾದ ಚೀಲವನ್ನು ಅಟ್ಟದ ಮೇಲೆ, ಹಳೆಯ ಕೊಡಗಳ ಹಿಂದೆ ತಳ್ಳಿ ಬಂದೆ. ನನಗೆ ನನ್ನ ಮೇಲೆಯೇ ಸಿಟ್ಟು ಬಂದಿತ್ತು.

ಆ ಚೀಲವನ್ನು ಮರುದಿನ ಕೆಳಗಿಳಿಸಿದವಳು ಸುವರ್ಣಾ. ಧೂಳು ಕೊಡವಿ ನನ್ನ ಮುಂದಿಟ್ಟು ಹೇಳಿದಳು: "ಮುಚ್ಚಿಟ್ರ ಖರೇನ ಏನೋ ಐತಿ ಅಂತಾರ. ಎಳ್ಳ ಅಮಾಸಿಗೆ ಚರಗಾ ಚೆಲ್ಲಾಕ ಶಿರೂರ ಹೊಲಕ್ಕ ಅವ್ರನ್ನೂ ಕರೀತೇನಿ. ಅವ್ರ ಕಣ್ಣ ಮುಂದನ ತಗೀರಿ, ಏನ ತಗೀತೀರಿ ಅನ್ನೋದು ನೋಡಿ ಹೋಗ್ಲಿ." ಮೂವತ್ತು ವರ್ಷದ ಸಂಸಾರದಲ್ಲಿ ನಾನು ಬಾಯಿ ತೆರೆದು, ಅಳ್ಳಾಡದೆ ಕೂತದ್ದು ಅದೇ ಮೊದಲು.

ಎಳ್ಳು ಅಮಾವಾಸ್ಯೆಯ ದಿನ ನಮ್ಮ ಸೀಮೆಯಲ್ಲಿ ಯಾರೂ ಊರೊಳಗೆ ಇರುವುದಿಲ್ಲ. ಬುತ್ತಿ ಕಟ್ಟಿಕೊಂಡು, ನೆಂಟರನ್ನೂ ಸ್ನೇಹಿತರನ್ನೂ ಕರೆದುಕೊಂಡು ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ನಿಂತ ಬೆಳೆಯ ನಡುವೆ ಅಡಿಗೆಯ ತುತ್ತು ಚೆಲ್ಲಿ, ಅದೇ ಚರಗ, ಭೂಮಿತಾಯಿಗೆ ಉಣಿಸಿ, ಆಮೇಲೆ ತಾವು ಉಣ್ಣುತ್ತಾರೆ. ಅಮಾವಾಸ್ಯೆಗೆ ನಾನೊಬ್ಬನೇ ಅಲ್ಲ, ಇಡೀ ಜಿಲ್ಲೆಯೇ ಊರ ಹೊರಗೆ ಬೀಳುವ ವರ್ಷದ ಒಂದೇ ದಿನ ಅದು. ಸುವರ್ಣಾಳ ಲೆಕ್ಕ ಸರಿಯಾಗಿಯೇ ಇತ್ತು. ಅವಳ ತಮ್ಮ ಈರಣ್ಣನ ಹೊಲ ಶಿರೂರಿನಲ್ಲಿದೆ. ಎರೆ ಭೂಮಿ, ಆಳೆತ್ತರದ ಬಿಳಿಜೋಳ, ನಡುವೆ ಒಂದು ಹಳೆಯ ಬನ್ನಿಗಿಡ. ಆ ಬನ್ನಿಗಿಡದ ಮೇಲೆ, ತೆನೆಗಳ ಆಚೆ, ಚಳಿಗಾಲದ ಆಕಾಶದಲ್ಲಿ ಸಾಲಾಗಿ ನಿಲ್ಲುವ ಮೂರು ಚುಕ್ಕಿಗಳು ಪೂರ್ವದಲ್ಲಿ ಮೇಲೇಳುವ ಫೋಟೋ ತೆಗೆಯಬೇಕೆಂದು ನಾನು ಬಹಳ ವರ್ಷಗಳಿಂದ ಆಸೆಪಟ್ಟಿದ್ದೆ. ಪ್ರತಿ ಸಲ ಎಳ್ಳು ಅಮಾವಾಸ್ಯೆಗೆ ಒಂದೋ ಮೋಡ, ಇಲ್ಲವೇ ನೆಂಟರು.

ಚನ್ನಬಸಪ್ಪನವರು ಹೆಂಡತಿ ಮಗನೊಡನೆ ಬಂದರು. "ಶರಣ್ರಿ ಡಾಕ್ಟ್ರ" ಎಂದರು, ನಾನು "ಶರಣ್ರಿ, ಬರ್ರಿ" ಎಂದೆ. ಅವರ ಕಣ್ಣು ಮಾತ್ರ ನನ್ನ ಮುಖದ ಮೇಲೆ ನಿಲ್ಲದೆ ಕಾರಿನ ಡಿಕ್ಕಿಯ ಕಡೆ ಹೋಗಿ ಬರುತ್ತಿತ್ತು. ಬನ್ನಿಗಿಡದ ಬುಡದಲ್ಲಿ ಕಲ್ಲಿಟ್ಟು ಪೂಜೆಯಾಯಿತು. ಈರಣ್ಣ ಹೊಲದ ಸುತ್ತ ತಿರುಗಿ ಚರಗ ಚೆಲ್ಲಿ ಬಂದ. ಸಜ್ಜಿ ರೊಟ್ಟಿ, ಎಣ್ಣೆಗಾಯಿ ಬದನೆ, ಪುಂಡಿಪಲ್ಲೆ, ಶೇಂಗಾ ಹೋಳಿಗೆ, ಎಳ್ಳ ಹೋಳಿಗೆ, ಅದರ ಮೇಲೆ ಕೆನೆಮೊಸರು. ಬೀಗರಾಗಬೇಕಾದವರಿಗೆ ಬಡಿಸುವ ಭರದಲ್ಲಿ ಸುವರ್ಣಾ ನನ್ನ ತಟ್ಟೆಯನ್ನು ಮರೆತೇಬಿಟ್ಟಳು. ಉಂಡು, ಎಲೆಅಡಿಕೆ ಹಾಕಿಕೊಂಡು, ಹೊತ್ತು ಇಳಿದು, ಸುತ್ತಲಿನ ಹೊಲದವರೆಲ್ಲ ಗಾಡಿ ಕಟ್ಟಿಕೊಂಡು ಹೊರಟರೂ ಚನ್ನಬಸಪ್ಪನವರು ಏಳಲಿಲ್ಲ. ಶಾಲು ಸರಿಯಾಗಿ ಹೊದ್ದುಕೊಂಡು, ಮೃದುವಾಗಿ ಕೇಳಿದರು: "ನಿಮ್ಮದು ಅದೇನೋ ಮೂರ ಕಾಲಿಂದು ಐತಂತಲ್ರಿ. ತಂದೀರೇನು?"

ನಾನು ಸ್ಟ್ಯಾಂಡು ನಿಲ್ಲಿಸಿದೆ. ಕ್ಯಾಮೆರಾ ಬಿಗಿದೆ. ಹಣೆಯ ಕೆಂಪು ಲೈಟನ್ನು ಮಾತ್ರ, ಸುವರ್ಣಾಳ ಅಪ್ಪಣೆಯಂತೆ, ಹಚ್ಚಲಿಲ್ಲ. ಕತ್ತಲಾಯಿತು. ಆ ಸಂಜೆಯ ಆಕಾಶವನ್ನು ಏನೆಂದು ಹೇಳಲಿ? ಒಂದು ಎಳೆ ಮೋಡವಿರಲಿಲ್ಲ. ಥಂಡಿ ಗಾಳಿಗೆ ಧೂಳೆಲ್ಲ ಕೂತುಬಿಟ್ಟಿತ್ತು. ಜೋಳದ ತೆನೆಗಳ ಮೇಲೆ ಮೂರು ಚುಕ್ಕಿಗಳು ಒಂದರ ಹಿಂದೊಂದು ಎದ್ದವು, ಬನ್ನಿಗಿಡದ ಬಲಕ್ಕೆ, ನಾನು ಎಲ್ಲಿ ಬೇಕೆಂದಿದ್ದೆನೋ ಅಲ್ಲೇ. ನಾನು ಉಸಿರು ಬಿಗಿಹಿಡಿದು ಬಟನ್ ಒತ್ತಿದೆ. ಅದೇ ಗಳಿಗೆಗೆ ನನ್ನ ಹಿಂದಿನಿಂದ ಸೂರ್ಯೋದಯವಾಯಿತು.

ಚನ್ನಬಸಪ್ಪನವರು ಹಾವಿನ ಭಯಕ್ಕೆಂದು ಇಳಕಲ್ಲಿನಿಂದ ದೊಡ್ಡದೊಂದು ಬ್ಯಾಟರಿ ತಂದಿದ್ದರು. ನಮ್ಮ ಕಡೆ ಬ್ಯಾಟರಿ ಎಂದರೆ ಟಾರ್ಚು. ಅದನ್ನು ಹಚ್ಚಿ, ಸೀದಾ ಕ್ಯಾಮೆರಾದ ಮುಂದೆ ಹಿಡಿದು, "ಕತ್ತಲಾಗ ನಿಮಗ ಏನ ಕಾಣಬೇಕ್ರಿ? ತಡೀರಿ, ನಾ ಹಿಡೀತೇನಿ" ಎಂದರು. ಫೋಟೋದಲ್ಲಿ ಬಂದದ್ದು ಹಾಲಿನಂಥ ಬಿಳಿ. "ಭಾಳ ಉಪಕಾರಾತ್ರಿ" ಎಂದೆ. ಎರಡನೆಯ ಸಲ ಬಟನ್ ಒತ್ತಿದಾಗ ಅವರು ಇನ್ನೂ ಮುಂದುವರಿದು, ಬ್ಯಾಟರಿಯನ್ನು ಆಕಾಶಕ್ಕೇ ಎತ್ತಿ, "ಯಾವ ಚಿಕ್ಕಿ ಬೇಕು ಹೇಳ್ರಿ, ಅದರ ಮ್ಯಾಲ ಹಿಡೀತೇನಿ" ಎಂದರು. ಅವರು ನಿಜಕ್ಕೂ ಸಹಾಯ ಮಾಡುತ್ತಿದ್ದರು ಎಂಬುದೇ ದುಃಖದ ಸಂಗತಿ. ಸ್ಟೀಲಿನ ಮೇಲೆ ಲೈಟು ಬಿದ್ದು ಹಗಲುರಾತ್ರಿ ಥಳಥಳಿಸುವ ಅಂಗಡಿಯಲ್ಲಿ ಅವರ ಜೀವಮಾನ ಕಳೆದಿದೆ. ಯಾವುದನ್ನಾದರೂ ನೋಡಬೇಕಾದರೆ ಅದರ ಮೇಲೆ ಬೆಳಕು ಹಾಕಬೇಕು ಎಂಬುದು ಅವರ ಅನುಭವ. ಹಲ್ಲಿನ ಡಾಕ್ಟರಾದ ನನ್ನ ಅನುಭವವೂ ಹಗಲು ಹೊತ್ತಿನಲ್ಲಿ ಅದೇ.

ಆದರೆ ಬೀಗರಿಗೆ ಹೇಳುವುದು ಹೇಗೆ? ಹೆಣ್ಣು ಹೆತ್ತವನು ಗಂಡಿನ ತಂದೆಗೆ "ಇನ್ನೊಂದು ಹೋಳಿಗೆ ಹಾಕ್ಕೊಳ್ರಿ" ಎನ್ನಬಹುದು, "ಕಾಲು ನೀಡಿ ಕೂಡ್ರಿ" ಎನ್ನಬಹುದು. ಹಿಡಿದದ್ದನ್ನು ಬಿಡಿ ಎನ್ನುವ ಹಾಗಿಲ್ಲ. ಮಾತು ಇನ್ನೂ ಕೂಡದ ಬೀಗರಂತೂ ಮೊಸರಿನ ಗಡಿಗೆಯಂತೆ, ಒಂದು ಕಡೆ ವಾಲಿದರೂ ಚೆಲ್ಲುತ್ತದೆ. ಸುವರ್ಣಾ ಹಿಂದಿನಿಂದ ಎರಡು ಸಲ ಕೆಮ್ಮಿದಳು. ಸಹಿಸಿಕೊಳ್ಳಿ ಎಂದು ಅದರ ಅರ್ಥ. ವಿನಯ ತಂದೆಯ ಶಾಲು ಎಳೆದು ನೋಡಿದ. ಸಹನಾ ತುಟಿ ಕಚ್ಚಿಕೊಂಡು ನಿಂತಿದ್ದಳು. ನಾನು ಸಹಿಸಿಕೊಂಡೆ. ಮೂರನೆಯದಕ್ಕೆ ಜೋಳದ ತೆನೆಗಳ ಮೇಲೆ ಬೆಳಕು ಆಡಿತು. ನಾಲ್ಕನೆಯದಕ್ಕೆ ನನ್ನ ಬೆನ್ನ ಮೇಲೆ. ಅಷ್ಟರಲ್ಲಿ ಆ ಮೂರು ಚುಕ್ಕಿಗಳು ಮೇಲೇರಿ, ಬನ್ನಿಗಿಡದ ತುದಿಯ ಕೊಂಬೆಗೆ ಬಂದು ಕೂತವು. ಇಷ್ಟು ವರ್ಷ ನಾನು ಕಾದದ್ದು ಆ ಒಂದು ಗಳಿಗೆಗಾಗಿ. ಬಗ್ಗಿ ಕ್ಯಾಮೆರಾದಲ್ಲಿ ಕಣ್ಣಿಟ್ಟೆ. ಮತ್ತೆ ಹಿಂದಿನಿಂದ ಬೆಳಕು ಬಂತು.

ಬಾಯಿಗೆ ಬಂದದ್ದು ನನ್ನ ಮಾತಲ್ಲ, ದವಾಖಾನೆಯ ಮಾತು. "ಏಯ್, ಆರಸ್ರಿ ಅದನ್ನ. ಅಳ್ಳಾಡಬ್ಯಾಡ್ರಿ. ನಾ ಹೇಳೂತನ ಬಾಯಿ ಮುಚಗೊಂಡು ಕೂಡ್ರಿ" ಎಂದೆ. ಎಂದೆ ಅಲ್ಲ, ಒದರಿದೆ.

ಬ್ಯಾಟರಿ ಆರಿತು. ಕತ್ತಲು ಎಂದರೆ ಏನು ಎಂಬುದು ಅವತ್ತು ನನಗೆ ಮೊದಲ ಬಾರಿಗೆ ತಿಳಿಯಿತು. ಸುವರ್ಣಾಳ ಕೆಮ್ಮೂ ಇಲ್ಲ. ಮುಗಿಯಿತು ಎಂದುಕೊಂಡೆ. ಒಂದು ಫೋಟೋ, ಯಾರದೋ ಮಾಳಿಗೆಯ ಮೇಲಿಂದಲೂ ಕಾಣುವ ಚುಕ್ಕಿಗಳ ಫೋಟೋ, ಅದಕ್ಕಾಗಿ ಮಗಳ ಬಾಳನ್ನು ಕೆಡಿಸಿದೆನಲ್ಲ. ತಿರುಗಿ ನೋಡುವ ಧೈರ್ಯವಾಗದೆ ಹಾಗೆಯೇ ಬಗ್ಗಿ ನಿಂತಿದ್ದೆ. ಬಹಳ ಹೊತ್ತಾದ ಮೇಲೆ ಕತ್ತಲೊಳಗಿಂದ ಚನ್ನಬಸಪ್ಪನವರ ದನಿ ಬಂತು, ಸಣ್ಣಗೆ, ಯಾರಿಗೆಂದು ಅಲ್ಲದೆ.

"ಇಷ್ಟು ಅದಾವೇನ್ರಿ?"

ಕಣ್ಣು ಕತ್ತಲಿಗೆ ಹೊಂದಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಚುಕ್ಕಿಗಳು ಒಂದಕ್ಕೆ ಹತ್ತಾಗುತ್ತವೆ. ಅವರು ಕತ್ತಲಲ್ಲೇ ಬನ್ನಿಗಿಡದ ಬುಡಕ್ಕೆ ಸರಿದು, ತಲೆಯೆತ್ತಿ ಕೂತಿದ್ದರು. "ಸಣ್ಣಾಂವ ಇದ್ದಾಗ ಮಾಳಿಗಿ ಮ್ಯಾಲ ಮಲಗತಿದ್ವಿ. ಆಗ ಇದ್ದುವು. ಈಗ ಇಲ್ಲ ಅಂತ ಮಾಡಿದ್ನಿ" ಎಂದರು. ಎದ್ದು ಬಂದು, ನನ್ನ ಹೆಗಲ ಮೇಲೆ ಕೈಯಿಟ್ಟರು. "ಡಾಕ್ಟ್ರ, ಖರೆ ಹೇಳ್ತೇನಿ, ನನಗ ನಿಮ್ಮ ಮ್ಯಾಲ ಸಂಶೆ ಇತ್ತು. ಈಗ ಹೋತು. ಹೊಟ್ಟ್ಯಾಗ ಏನರ ಇಟಗೊಂಡಾಂವ ಬೀಗಗ ಹಿಂಗ ಒದರಾಂಗಿಲ್ಲ. ಬೆಣ್ಣಿ ಹಚ್ಚತಾನ. ನಿಮ್ಮ ಹೊಟ್ಟ್ಯಾಗ ಏನೂ ನಿಲ್ಲಾಂಗಿಲ್ಲ. ನನಗ ಇಂಥಾ ಬೀಗನ ಬೇಕು."

ಸುವರ್ಣಾ ಅಲ್ಲೇ, ಕತ್ತಲಲ್ಲೇ, ಡಬ್ಬಿಯಲ್ಲಿ ತಡಕಾಡಿ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ನನ್ನ ಪಾಲಿನದು ಮೂಗಿಗೆ ಹೋಯಿತು. ಸಹನಾ ಬಂದು ನನ್ನ ತೋಳು ಹಿಡಿದು ನಿಂತಳು. ನನಗೆ ಕಣ್ಣು ತುಂಬಿ ಬಂತು. ಕತ್ತಲಾಗಿದ್ದು ಒಳ್ಳೆಯದೇ ಆಯಿತು.

ಮರುದಿನ ಬೆಳಿಗ್ಗೆ ಇಳಕಲ್ಲಿನಿಂದ ಫೋನು. "ಬೀಗ್ರ, ನಿನ್ನೆ ನಾ ಬ್ಯಾಟರಿ ಆರಿಸಿದ ಮ್ಯಾಲ ತಗದ್ರಲ್ಲ, ಆ ಫೋಟೋ ಕಳಸ್ರಿ. ದೊಡ್ಡದು ಮಾಡಿಸಿ ಅಂಗಡ್ಯಾಗ ಹಾಕಸ್ತೇನಿ. ಎಲ್ಲಾರಿಗೂ ಹೇಳೇನಿ." ಸಂತೋಷದಿಂದ ಕ್ಯಾಮೆರಾ ತೆರೆದು ನೋಡಿದೆ. ಹಾಲಿನಂಥ ಬಿಳಿ ಒಂದು, ಆಕಾಶಕ್ಕೆ ಚುಚ್ಚಿದ ಬೆಳಕಿನ ಕೋಲು ಒಂದು, ಕುಣಿಯುವ ತೆನೆ ಒಂದು, ಭೂತದಂಥ ನನ್ನ ನೆರಳು ಒಂದು. ಆಮೇಲೆ ಏನೂ ಇರಲಿಲ್ಲ. ಜಗತ್ತಿಗೆಲ್ಲ ಅಳ್ಳಾಡಬೇಡಿ ಎಂದು ಒದರಿದವನು, ಎಲ್ಲರೂ ಉಸಿರು ಕಟ್ಟಿ ಕೂತ ಆ ಅಮೃತಗಳಿಗೆಯಲ್ಲಿ, ಮಗಳ ಮದುವೆಯ ಚಿಂತೆಯಲ್ಲಿ ಬಟನ್ ಒತ್ತುವುದನ್ನೇ ಮರೆತಿದ್ದೆ.

ಸುವರ್ಣಾಳಿಗೆ ಹೇಳಬಹುದಿತ್ತು. ಅವಳು "ಖರೆ ಹೇಳಿಬಿಡ್ರಿ" ಎನ್ನುತ್ತಾಳೆಂದು ಗೊತ್ತಿದ್ದರಿಂದ ಹೇಳಲಿಲ್ಲ. ಬೀಗರಿಗೆ ಹೇಳಬಹುದಿತ್ತು, ಆದರೆ ಅವರು ಆಗಲೇ ಇಳಕಲ್ಲಿಗೆಲ್ಲ ಸಾರಿದ್ದರು. ಸಂಜೆ, ತಡವಾಗಿ ಒಬ್ಬ ಪೇಶಂಟು ಬರುವವನಿದ್ದಾನೆ ಎಂದು ಮನೆಯಲ್ಲಿ ಹೇಳಿ, ಶಿರೂರು ಮುಟ್ಟಿ, ಕಾರಿನ ಲೈಟು ಆರಿಸಿಕೊಂಡು ಹೊಲದ ದಾರಿ ಹಿಡಿದೆ. ಇಷ್ಟು ವರ್ಷ ಊರೆಲ್ಲ ನೋಡುವಂತೆ ನಿಂಬೆಹಣ್ಣು ಒಡೆಸಿಕೊಂಡು ಹೋಗುತ್ತಿದ್ದವನು ಜೀವಮಾನದಲ್ಲಿ ಮೊದಲ ಬಾರಿಗೆ ಕಳ್ಳನ ಹಾಗೆ, ಸ್ವಂತ ಮೈದುನನ ಹೊಲಕ್ಕೆ, ಬೆಕ್ಕಿನ ಹೆಜ್ಜೆ ಇಡುತ್ತ ನುಗ್ಗಿದೆ. ಹಿಂದಿನ ದಿನದ ಆಕಾಶವೇ, ಅದೇ ಬನ್ನಿಗಿಡ. ಚುಕ್ಕಿಗಳು ತುದಿಕೊಂಬೆಗೆ ಬಂದಾಗ ಬಟನ್ ಒತ್ತಿದೆ. ಫೋಟೋ ಚೆನ್ನಾಗಿಯೇ ಬಂತು. ಅದನ್ನೇ ಇಳಕಲ್ಲಿಗೆ ಕಳಿಸಿದೆ.

ಈಗ ಅದು ಬೀಗರ ಅಂಗಡಿಯಲ್ಲಿ, ಹಣದ ಗಲ್ಲೆಯ ಹಿಂದೆ, ಶರಣರ ಪಟದ ಪಕ್ಕ ದೊಡ್ಡ ಚೌಕಟ್ಟಿನಲ್ಲಿದೆ. ಸಹನಾ ಆ ಮನೆಯಲ್ಲಿ ಸುಖವಾಗಿದ್ದಾಳೆ. ನಾವು ಹೋದಾಗಲೆಲ್ಲ ಚನ್ನಬಸಪ್ಪನವರು ಗಿರಾಕಿಗಳನ್ನು ನಿಲ್ಲಿಸಿ ಫೋಟೋ ತೋರಿಸುತ್ತಾರೆ. ಬನ್ನಿಗಿಡದ ಬುಡದಲ್ಲಿ ಕಪ್ಪಗೆ, ದುಂಡಗೆ, ಮುದುಡಿ ಕೂತಂತೆ ಕಾಣುವ ಒಂದು ಆಕಾರವಿದೆ. ಅದರ ಮೇಲೆ ಬೆರಳಿಟ್ಟು, "ಇಕಾ, ಇಲ್ಲಿ ಶಾಲು ಹೊಚ್ಚಗೊಂಡು ಕುಂತಾಂವ ನಾನ. ಒಂದೀಟೂ ಅಳ್ಳಾಡಿಲ್ಲ ನೋಡ್ರಿ" ಎನ್ನುತ್ತಾರೆ. ಎಂದು, ನನ್ನ ಕಡೆ ತಿರುಗಿ, "ಹೌದಲ್ರಿ ಬೀಗ್ರ?" ಎನ್ನುತ್ತಾರೆ.

"ಹೌದ್ರಿ, ನೀವ ಅದು" ಎನ್ನುತ್ತೇನೆ. ಅದು ಈರಣ್ಣ ಹೊಲದಲ್ಲಿ ಬಿಟ್ಟು ಹೋಗಿದ್ದ ಗೊಬ್ಬರದ ಚೀಲ.

ಆಮೇಲೆ ಅವರು ನನ್ನ ಹೆಗಲ ಮೇಲೆ ಕೈಹಾಕಿ ಅಂಗಡಿಯವರಿಗೆಲ್ಲ ಕೇಳುವಂತೆ ಹೇಳುತ್ತಾರೆ: "ನಮ್ಮ ಬೀಗರಂಥ ಮನಿಷ್ಯಾ ಸಿಗಾಂಗಿಲ್ರಿ. ಹೊಟ್ಟ್ಯಾಗ ಒಂದ ಮಾತೂ ನಿಲ್ಲಾಂಗಿಲ್ಲ." ನಾನು ನಮ್ರವಾಗಿ ನಗುತ್ತೇನೆ, ಚಹಾ ಕುಡಿಯುತ್ತೇನೆ, ಗೊಬ್ಬರದ ಚೀಲವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಬಾಗಲಕೋಟೆಗೆ ಹಿಂದಿರುಗುತ್ತೇನೆ.